ನಿವೃತ್ತಿಯ ಬಳಿಕ ಮತ್ತೆ ನೌಕರಿ: ಕೈಗೆ ಬರುವುದೆಷ್ಟು?

ಸರ್ಕಾರಿ ನೌಕರನಿಗೆ ಅರವತ್ತು ತುಂಬಿದ ತಿಂಗಳ ಕೊನೆಯ ದಿನ ಕಚೇರಿಯಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿ. ನಾಲ್ಕು ಮಂದಿ ಹೊಗಳಿ ಮಾತನಾಡುತ್ತಾರೆ. ಮರುದಿನದಿಂದ ವಿಶ್ರಾಂತಿ ಎಂದು ಎಲ್ಲರೂ ಹಾರೈಸುತ್ತಾರೆ. ಆದರೆ ಮನೆಯಲ್ಲಿ ಕೊನೆಯ ಮಗ ಇನ್ನೂ ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದರೆ, ಮಗಳ ಬಿ.ಇಡಿ. ಶುಲ್ಕ ಕಟ್ಟುವುದು ಬಾಕಿ ಇದ್ದರೆ, ವಿಶ್ರಾಂತಿಯ ಮಾತು ಬಾಯಿಮಾತಾಗಿಯೇ ಉಳಿಯುತ್ತದೆ. ‘ಅನುಭವಸ್ಥರು ಬೇಕಾಗಿದ್ದಾರೆ’ ಎಂಬ ಪ್ರಕಟಣೆ ಎಲ್ಲಾದರೂ ಕಂಡರೆ ಅರ್ಜಿ ಹೋಗಿಯೇ ಹೋಗುತ್ತದೆ.

ಮನಗೂಳಿಯಂಥ ಊರಿನಲ್ಲಿ ಈ ಪ್ರಶ್ನೆ ಮತ್ತೊಂದು ರೂಪದಲ್ಲೂ ಬರುತ್ತದೆ. ವಿಜಯಪುರದ ಕೋಟೆಗೋಡೆಯ ಒಂದು ಬಾಗಿಲಿಗೆ ತನ್ನ ಹೆಸರನ್ನೇ ಕೊಟ್ಟಿರುವ ಈ ಊರಿಗೂ ಸುತ್ತಲಿನ ಬಸವನ ಬಾಗೇವಾಡಿ, ಸಿಂದಗಿ, ಇಂಡಿ, ಮುದ್ದೇಬಿಹಾಳ ಸೀಮೆಗೂ ಮಳೆ ನಂಬಿದ ಜೋಳ, ತೊಗರಿಯ ಬದುಕು ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ಮನೆಯಲ್ಲೊಂದು ಸಂಬಳ ಇದ್ದರೆ ಅದೇ ಆಧಾರ. ವಿಜಯಪುರದಲ್ಲಿ ೧೯೬೩ರಿಂದ ಸೈನಿಕ ಶಾಲೆಯೂ ಇದೆ. ಸೇನೆಗೆ ಸೇರುವ ಕನಸು ಇಲ್ಲಿನ ಹುಡುಗರಿಗೆ ದೂರದ್ದೇನಲ್ಲ. ಹದಿನೆಂಟಕ್ಕೆ ಸೇನೆ ಸೇರಿದವನು ನಲವತ್ತರ ಒಳಗೇ ‘ನಿವೃತ್ತ’ನಾಗಿ ಊರಿಗೆ ಬರುತ್ತಾನೆ. ಅವನ ಮುಂದೆ ಇನ್ನೂ ಇಪ್ಪತ್ತು ವರ್ಷದ ದುಡಿಮೆ ಇರುತ್ತದೆ.

ಹೀಗೆ ಮರಳಿ ಸರ್ಕಾರಿ ಕೆಲಸಕ್ಕೆ ಹೋದವರಿಗೆ ಪಿಂಚಣಿಯೂ ಬರುತ್ತದೆಯೆ, ಸಂಬಳವೂ ಬರುತ್ತದೆಯೆ? ‘ಎರಡೂ ಪೂರ್ತಿ ಬರುತ್ತದೆ’ ಎನ್ನುವವರಿದ್ದಾರೆ. ‘ಪಿಂಚಣಿ ನಿಂತೇ ಹೋಗುತ್ತದೆ’ ಎಂದು ಹೆದರಿಸುವವರೂ ಇದ್ದಾರೆ. ಎರಡೂ ಅರ್ಧಸತ್ಯ. ಈ ಲೆಕ್ಕ ತಿಳಿಯದೆ ಮಕ್ಕಳ ಓದಿನ ಖರ್ಚನ್ನು ಅಂದಾಜು ಮಾಡಿದರೆ, ಕೈಗೆ ಬಂದ ತುತ್ತು ಬಾಯಿಗೆ ಬರದಂತಾಗುತ್ತದೆ.

ಮೂರು ದಾರಿಗಳು

ಮರಳಿ ಸರ್ಕಾರಿ ಕೆಲಸಕ್ಕೆ ಬರಲು ಮುಖ್ಯವಾಗಿ ಮೂರು ದಾರಿಗಳಿವೆ. ಮೊದಲನೆಯದು ಗುತ್ತಿಗೆ. ನಿವೃತ್ತ ನೌಕರನನ್ನು ಇಂತಿಷ್ಟು ಕಾಲಕ್ಕೆ, ಇಂತಿಷ್ಟು ಸಂಭಾವನೆಗೆ ಕರೆಸಿಕೊಳ್ಳುವುದು. ಎರಡನೆಯದು ಮರುನೇಮಕ. ಇಲ್ಲಿ ನಿವೃತ್ತನು ಒಂದು ಹುದ್ದೆಯಲ್ಲಿ ಮತ್ತೆ ಸರ್ಕಾರಿ ನೌಕರನಾಗುತ್ತಾನೆ. ಮೂರನೆಯದು ಹೊಸ ನೇಮಕ. ಮಾಜಿ ಸೈನಿಕನು ಎಲ್ಲರಂತೆ ಪರೀಕ್ಷೆ ಬರೆದು, ತನಗಿರುವ ಮೀಸಲಾತಿಯಲ್ಲಿ ಆಯ್ಕೆಯಾಗುವುದು ಈ ಬಗೆಯದು. ಕರ್ನಾಟಕದಲ್ಲಿ ನೇರ ನೇಮಕಾತಿಯ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ ಶೇ. ೧೦ರಷ್ಟು ಮೀಸಲಿದೆ.

ಹೊರಗಿನಿಂದ ನೋಡಿದರೆ ಮೂವರೂ ಒಂದೇ ಕಚೇರಿಯ ಮೂರು ಮೇಜುಗಳಲ್ಲಿ ಕುಳಿತಿರಬಹುದು. ಸಂಬಳದ ಲೆಕ್ಕ ಮಾತ್ರ ಮೂವರದೂ ಬೇರೆ ಬೇರೆ. ಆದೇಶದಲ್ಲಿ ಯಾವ ಪದ ಬರೆದಿದೆ ಎಂಬುದನ್ನು ಮೊದಲು ನೋಡಬೇಕು ಎನ್ನುವುದು ಇದಕ್ಕೇ.

ಸಂವಿಧಾನದಲ್ಲೇ ಇದೆ ಸೂತ್ರ

ನಿವೃತ್ತಿಯ ನಂತರ ದೊಡ್ಡ ಕೆಲಸ ಮಾಡಿದವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ೧೮೮೪ರಲ್ಲಿ ಸೇರಿದ್ದು ಬೊಂಬಾಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು. ಆಗಿನ ವಿಜಾಪುರ ಜಿಲ್ಲೆಯೂ ಅದೇ ಪ್ರಾಂತದಲ್ಲಿತ್ತು. ಆ ಸೇವೆಯಿಂದ ನಿವೃತ್ತಿ ಪಡೆದ ಮೇಲೆಯೇ ಅವರು ೧೯೦೯ರಲ್ಲಿ ಹೈದರಾಬಾದಿನ ಪ್ರವಾಹ ನಿಯಂತ್ರಣದ ಕೆಲಸಕ್ಕೆ ಹೋದರು. ಅದೇ ವರ್ಷ ಮೈಸೂರಿನ ಮುಖ್ಯ ಇಂಜಿನಿಯರ್ ಆದರು. ೧೯೧೨ರಿಂದ ೧೯೧೮ರವರೆಗೆ ದಿವಾನರಾಗಿದ್ದರು. ಕನ್ನಂಬಾಡಿ ಕಟ್ಟೆ ಒಬ್ಬ ‘ನಿವೃತ್ತ’ ಅಧಿಕಾರಿಯ ಎರಡನೆಯ ಇನಿಂಗ್ಸಿನ ಫಲ ಎಂದರೆ ತಪ್ಪಾಗದು.

ಆದರೆ ಒಂದೇ ಬೊಕ್ಕಸದಿಂದ ಒಬ್ಬನಿಗೇ ಪಿಂಚಣಿ ಮತ್ತು ಪೂರ್ಣ ಸಂಬಳ ಎರಡನ್ನೂ ಕೊಡಬೇಕೆ ಎಂಬ ಪ್ರಶ್ನೆ ಹಳೆಯದು. ಸಂವಿಧಾನದ ಎರಡನೆಯ ಅನುಸೂಚಿಯಲ್ಲಿಯೇ ಇದಕ್ಕೊಂದು ಉತ್ತರವಿದೆ. ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾಗಿ ನೇಮಕವಾಗುವವರು ಹಿಂದಿನ ಸರ್ಕಾರಿ ಸೇವೆಗಾಗಿ ಪಿಂಚಣಿ ಪಡೆಯುತ್ತಿದ್ದರೆ, ಆ ಮೊತ್ತವನ್ನು ಅವರ ಸಂಬಳದಿಂದ ಕಳೆಯಬೇಕು. ಅಂಗವೈಕಲ್ಯ ಅಥವಾ ಗಾಯಕ್ಕಾಗಿ ಬರುವ ಪಿಂಚಣಿಗೆ ಮಾತ್ರ ಈ ಕಡಿತವಿಲ್ಲ. ದುಡಿಮೆಗೆ ಬಂದ ಪಿಂಚಣಿ ಬೇರೆ, ದೇಹ ತೆತ್ತ ಬೆಲೆಗೆ ಬಂದ ಪಿಂಚಣಿ ಬೇರೆ ಎಂಬ ವಿವೇಕ ಇಲ್ಲಿದೆ. ‘ಸಂಬಳದಿಂದ ಪಿಂಚಣಿ ಕಳೆ’ ಎಂಬ ಈ ಸೂತ್ರವೇ ಗುಮಾಸ್ತನವರೆಗೂ ಇಳಿದು ಬಂದಿದೆ.

ಗುತ್ತಿಗೆಯ ಲೆಕ್ಕ

ಕೇಂದ್ರ ಸರ್ಕಾರದ ನಿವೃತ್ತರನ್ನು ಗುತ್ತಿಗೆಯ ಮೇಲೆ ತೆಗೆದುಕೊಳ್ಳುವಾಗ ಎಷ್ಟು ಕೊಡಬೇಕೆಂಬುದನ್ನು ೨೦೨೦ರ ಡಿಸೆಂಬರ್ ೯ರ ಹಣಕಾಸು ಸಚಿವಾಲಯದ ಆದೇಶ ಹೇಳುತ್ತದೆ. ನಿವೃತ್ತಿಯ ದಿನದ ಮೂಲ ವೇತನದಿಂದ ಮೂಲ ಪಿಂಚಣಿಯನ್ನು ಕಳೆದರೆ ಉಳಿಯುವ ಮೊತ್ತವೇ ಸಂಭಾವನೆ. ಗುತ್ತಿಗೆಯ ಅವಧಿಯುದ್ದಕ್ಕೂ ಅದು ಬದಲಾಗದು. ವಾರ್ಷಿಕ ಬಡ್ತಿ ಇಲ್ಲ, ತುಟ್ಟಿಭತ್ಯೆ ಇಲ್ಲ, ಮನೆ ಬಾಡಿಗೆ ಭತ್ಯೆ ಇಲ್ಲ. ಮನೆಯಿಂದ ಕಚೇರಿಗೆ ಓಡಾಡಲು ಸಾರಿಗೆ ಭತ್ಯೆ ಸಿಗಬಹುದು. ಪೂರೈಸಿದ ಪ್ರತಿ ತಿಂಗಳಿಗೆ ಒಂದೂವರೆ ದಿನದ ರಜೆ ಉಂಟು. ನೇಮಕ ಮೊದಲಿಗೆ ಒಂದು ವರ್ಷ ಮೀರುವಂತಿಲ್ಲ. ಎಷ್ಟೇ ಮುಂದುವರಿಸಿದರೂ ನಿವೃತ್ತಿಯ ನಂತರ ಐದು ವರ್ಷ ದಾಟುವಂತಿಲ್ಲ.

ಒಂದು ಉದಾಹರಣೆ ನೋಡೋಣ. ನಿವೃತ್ತಿಯ ದಿನ ಒಬ್ಬರ ಮೂಲ ವೇತನ ೮೦,೦೦೦ ರೂ. ಇತ್ತು ಎನ್ನಿ. ಪಿಂಚಣಿ ಅದರ ಅರ್ಧ, ೪೦,೦೦೦ ರೂ. ಗುತ್ತಿಗೆಯ ಸಂಭಾವನೆ ೮೦,೦೦೦ದಲ್ಲಿ ೪೦,೦೦೦ ಕಳೆದರೆ ೪೦,೦೦೦ ರೂ. ಪಿಂಚಣಿ ೪೦,೦೦೦, ಸಂಭಾವನೆ ೪೦,೦೦೦, ಮತ್ತೆ ೮೦,೦೦೦ ಆಯಿತಲ್ಲ ಎನಿಸುತ್ತದೆ. ತೊಡಕು ಇರುವುದು ಇಲ್ಲೇ.

ಬಹುತೇಕ ನೌಕರರು ನಿವೃತ್ತಿಯ ವೇಳೆ ಪಿಂಚಣಿಯ ಒಂದು ಭಾಗವನ್ನು ಪರಿವರ್ತಿಸಿ, ಅಂದರೆ ‘ಕಮ್ಯುಟೇಶನ್’ ಮಾಡಿಸಿ, ಇಡಿಗಂಟು ಪಡೆದಿರುತ್ತಾರೆ. ಮಗಳ ಮದುವೆಗೋ ಮನೆಯ ಸಾಲಕ್ಕೋ ಅದು ಕರಗಿರುತ್ತದೆ. ಕೇಂದ್ರದ ನೌಕರರು ಶೇ. ೪೦ರವರೆಗೆ, ಕರ್ನಾಟಕದ ನೌಕರರು ಮೂರನೆಯ ಒಂದು ಭಾಗದವರೆಗೆ ಹೀಗೆ ಪಡೆಯಬಹುದು. ಆ ಭಾಗ ಮತ್ತೆ ಪಿಂಚಣಿಗೆ ಸೇರುವುದು ಹದಿನೈದು ವರ್ಷದ ಮೇಲೆ. ಅಲ್ಲಿಯವರೆಗೆ ನಮ್ಮ ಉದಾಹರಣೆಯ ಕೇಂದ್ರ ನೌಕರನ ಕೈಗೆ ಬರುವ ಮೂಲ ಪಿಂಚಣಿ ೨೪,೦೦೦ ರೂ. ಮಾತ್ರ. ಆದರೆ ಸಂಭಾವನೆಯ ಲೆಕ್ಕದಲ್ಲಿ ಕಳೆಯುವುದು ೨೪,೦೦೦ವನ್ನಲ್ಲ, ಪೂರ್ತಿ ೪೦,೦೦೦ವನ್ನು. ಪರಿವರ್ತಿಸಿದ ಭಾಗವನ್ನೂ ಸೇರಿಸಿಯೇ ಕಳೆಯಬೇಕೆಂದು ಆ ಆದೇಶ ಸ್ಪಷ್ಟವಾಗಿ ಹೇಳಿದೆ.

ತುಟ್ಟಿಭತ್ಯೆ ಶೇ. ೫೦ ಎಂದು ಲೆಕ್ಕದ ಅನುಕೂಲಕ್ಕೆ ಹಿಡಿಯೋಣ. ನೌಕರಿಯಲ್ಲಿದ್ದಾಗ ಇವರಿಗೆ ಮೂಲ ವೇತನ, ತುಟ್ಟಿಭತ್ಯೆ ಸೇರಿ ೧,೨೦,೦೦೦ ರೂ. ಬರುತ್ತಿತ್ತು. ಗುತ್ತಿಗೆಯಲ್ಲಿ ಸಂಭಾವನೆ ೪೦,೦೦೦, ಕೈಗೆ ಬರುವ ಪಿಂಚಣಿ ೨೪,೦೦೦, ಪೂರ್ಣ ಪಿಂಚಣಿಯ ಮೇಲಿನ ತುಟ್ಟಿಭತ್ಯೆ ಮುಂದುವರಿಯಿತೆಂದು ಹಿಡಿದರೂ ೨೦,೦೦೦. ಒಟ್ಟು ೮೪,೦೦೦ ರೂ. ಕೆಲಸ ಅದೇ, ಕುರ್ಚಿಯೂ ಬಹುಶಃ ಅದೇ. ಆದರೆ ತಿಂಗಳಿಗೆ ೩೬,೦೦೦ ರೂ. ಕಡಿಮೆ. ಹಳೆಯ ಸಂಬಳವೇ ಬರುತ್ತದೆಂದು ನಂಬಿ ಮಗನನ್ನು ದುಬಾರಿ ಕಾಲೇಜಿಗೆ ಸೇರಿಸಿದ ಮನೆಗೆ ಇದು ಸಣ್ಣ ಮೊತ್ತವಲ್ಲ.

ಮರುನೇಮಕದ ಲೆಕ್ಕ

ಮರುನೇಮಕಕ್ಕೆ ಕೇಂದ್ರದಲ್ಲಿ ೧೯೮೬ರ ಪ್ರತ್ಯೇಕ ಆದೇಶಗಳಿವೆ. ಇಲ್ಲಿಯೂ ಸಂಬಳ ಮತ್ತು ಪಿಂಚಣಿ ಸೇರಿ ಕೊನೆಯ ಸಂಬಳವನ್ನು ಮೀರಬಾರದು ಎಂಬುದೇ ತಳಹದಿ. ೫೫ ವರ್ಷ ದಾಟಿ ನಿವೃತ್ತರಾದವರ ಪಿಂಚಣಿಯನ್ನು ಪೂರ್ತಿಯಾಗಿ ಕಳೆಯಲಾಗುತ್ತದೆ. ಆದರೆ ಭತ್ಯೆಗಳ ವಿಷಯದಲ್ಲಿ ಒಂದು ವ್ಯತ್ಯಾಸವಿದೆ. ತುಟ್ಟಿಭತ್ಯೆಯಂಥವನ್ನು ಲೆಕ್ಕ ಹಾಕುವುದು ಪಿಂಚಣಿ ಕಳೆಯುವುದಕ್ಕೆ ಮುಂಚಿನ ಸಂಬಳದ ಮೇಲೆ. ಅದಕ್ಕೆ ಬದಲಾಗಿ ಪಿಂಚಣಿಯ ಮೇಲಿನ ತುಟ್ಟಿಭತ್ಯೆ ಆ ಅವಧಿಗೆ ನಿಲ್ಲುತ್ತದೆ.

ಹಿಂದಿನ ಉದಾಹರಣೆಯನ್ನೇ ತೆಗೆದುಕೊಂಡರೆ, ಸಂಬಳ ೪೦,೦೦೦, ೮೦,೦೦೦ದ ಮೇಲೆ ತುಟ್ಟಿಭತ್ಯೆ ೪೦,೦೦೦, ಕೈಗೆ ಬರುವ ಪಿಂಚಣಿ ೨೪,೦೦೦. ಒಟ್ಟು ೧,೦೪,೦೦೦ ರೂ. ನೌಕರಿಯಲ್ಲಿದ್ದಾಗಿನ ೧,೨೦,೦೦೦ಕ್ಕೆ ಕಡಿಮೆ ಬಿದ್ದದ್ದು ೧೬,೦೦೦. ಅದು ಮೊದಲೇ ಇಡಿಗಂಟಾಗಿ ಪಡೆದ ಭಾಗ ಅಷ್ಟೆ. ಉಪದಾನಕ್ಕೆ ಸಮನಾದ ಪಿಂಚಣಿ ಎಂಬ ಇನ್ನೊಂದು ಸಣ್ಣ ಕಡಿತವೂ ಉಂಟು, ಲೆಕ್ಕ ಸುಲಭವಾಗಲೆಂದು ಅದನ್ನಿಲ್ಲಿ ಬಿಟ್ಟಿದೆ. ಒಂದೇ ವ್ಯಕ್ತಿ, ಒಂದೇ ಪಿಂಚಣಿ. ಆದರೂ ಆದೇಶದಲ್ಲಿ ‘ಗುತ್ತಿಗೆ’ ಎಂದಿದೆಯೋ ‘ಮರುನೇಮಕ’ ಎಂದಿದೆಯೋ ಎಂಬುದರ ಮೇಲೆ ತಿಂಗಳಿಗೆ ಇಪ್ಪತ್ತು ಸಾವಿರದಷ್ಟು ಅಂತರ ಬೀಳುತ್ತದೆ.

ಸೈನಿಕನ ಲೆಕ್ಕವೇ ಬೇರೆ

ಸೈನಿಕ ಅರವತ್ತರವರೆಗೆ ಸೇವೆಯಲ್ಲಿ ಇರುವಂತಿಲ್ಲ. ಗಡಿ ಕಾಯಲು ಹರೆಯ ಬೇಕು. ಹೀಗಾಗಿ ಅವನ ಬೇಗನೆಯ ನಿವೃತ್ತಿ ಅವನ ಆಯ್ಕೆಯಲ್ಲ, ಸೇವೆಯ ಷರತ್ತು. ನಿಯಮಗಳೂ ಇದನ್ನು ಒಪ್ಪಿಕೊಂಡಿವೆ. ೫೫ ವರ್ಷಕ್ಕೆ ಮುಂಚೆ ನಿವೃತ್ತರಾದ, ಅಧಿಕಾರಿ ದರ್ಜೆಗಿಂತ ಕೆಳಗಿನ ಮಾಜಿ ಸೈನಿಕರು ಕೇಂದ್ರದ ಕೆಲಸಕ್ಕೆ ಸೇರಿದರೆ ಅವರ ಪಿಂಚಣಿಯನ್ನು ಸಂಬಳದ ಲೆಕ್ಕದಲ್ಲಿ ಪೂರ್ತಿಯಾಗಿ ಕಡೆಗಣಿಸಲಾಗುತ್ತದೆ, ಏನೂ ಕಳೆಯುವುದಿಲ್ಲ. ಅಧಿಕಾರಿಗಳಾಗಿದ್ದವರಿಗಾದರೆ ಏಳನೆಯ ವೇತನ ಆಯೋಗದ ನಂತರ ಕಡೆಗಣಿಸುವ ಮೊತ್ತ ೧೫,೦೦೦ ರೂ. ಅದಕ್ಕೆ ಮುಂಚೆ ಅದು ೪,೦೦೦ ರೂ. ಇತ್ತು.

ಇದಕ್ಕೊಂದು ಮರುಮುಖವಿದೆ. ಪಿಂಚಣಿಯನ್ನು ಕಡೆಗಣಿಸಿದಂತೆಯೇ ಸೇನೆಯ ಕೊನೆಯ ಸಂಬಳವನ್ನೂ ಕಡೆಗಣಿಸಲಾಗುತ್ತದೆ. ಹವಾಲ್ದಾರನಾಗಿ ಇಪ್ಪತ್ತು ವರ್ಷ ದುಡಿದವನು ಹೊಸ ಹುದ್ದೆಯ ಶ್ರೇಣಿಯ ಕನಿಷ್ಠ ವೇತನದಿಂದ ಪ್ರಾರಂಭಿಸಬೇಕು. ಪಕ್ಕದಲ್ಲಿ ಈಗಷ್ಟೇ ಪದವಿ ಮುಗಿಸಿದ ಇಪ್ಪತ್ತೆರಡರ ಹುಡುಗ, ಇಬ್ಬರಿಗೂ ಒಂದೇ ಮೂಲ ವೇತನ. ಏಳನೆಯ ಆಯೋಗದ ಶ್ರೇಣಿಯಲ್ಲಿ ೨೫,೫೦೦ ರೂ. ಮೂಲ ವೇತನದ ಹುದ್ದೆಗೆ ಸೇರಿದ ಮಾಜಿ ಸೈನಿಕನ ಮೂಲ ಪಿಂಚಣಿ ೨೦,೦೦೦ ರೂ. ಎನ್ನಿ. ಶೇ. ೫೦ರ ತುಟ್ಟಿಭತ್ಯೆಯಲ್ಲಿ ಸಂಬಳದಿಂದ ೩೮,೨೫೦, ಪಿಂಚಣಿಯಿಂದ ೩೦,೦೦೦, ಒಟ್ಟು ೬೮,೨೫೦ ರೂ. ಪರಿವರ್ತಿಸಿದ ಭಾಗವಿದ್ದರೆ ಅಷ್ಟು ಕಡಿಮೆ.

ಪಿಂಚಣಿಯ ಮೇಲಿನ ಈ ತುಟ್ಟಿಭತ್ಯೆ ಸುಮ್ಮನೆ ಸಿಕ್ಕಿದ್ದಲ್ಲ. ಮತ್ತೆ ನೌಕರಿಗೆ ಸೇರಿದ ಮಾಜಿ ಸೈನಿಕರಿಗೆ ಒಂದು ಕಾಲದಲ್ಲಿ ಅದನ್ನು ನಿಲ್ಲಿಸಲಾಗುತ್ತಿತ್ತು. ವಿವಾದ ಸುಪ್ರೀಂ ಕೋರ್ಟಿಗೆ ಹೋಯಿತು. ವಾಸುದೇವನ್ ಪಿಳ್ಳೆ ಮೊಕದ್ದಮೆಯಲ್ಲಿ ೧೯೯೪ರ ಡಿಸೆಂಬರಿನಲ್ಲಿ ತೀರ್ಪು ಬಂದದ್ದು ಸರ್ಕಾರದ ಪರವಾಗಿ. ಬೆಲೆಯೇರಿಕೆಯ ಪೆಟ್ಟನ್ನು ಸಂಬಳದ ಮೇಲಿನ ತುಟ್ಟಿಭತ್ಯೆ ತಡೆಯುತ್ತಿರುವಾಗ ಪಿಂಚಣಿಯ ಮೇಲೂ ಕೊಡಲೇಬೇಕೆಂದಿಲ್ಲ ಎಂಬುದು ಅದರ ಸಾರ. ಆದರೆ ಐದನೆಯ ವೇತನ ಆಯೋಗದ ನಂತರ ಸರ್ಕಾರವೇ ಮನಸ್ಸು ಬದಲಿಸಿತು. ಪಿಂಚಣಿ ಪೂರ್ತಿ ಕಡೆಗಣಿಸಲ್ಪಟ್ಟು ಕನಿಷ್ಠ ವೇತನದಲ್ಲಿ ಸೇರಿದವರಿಗೆ ೧೯೯೭ರ ಜುಲೈ ೧೮ರಿಂದ ಅನ್ವಯವಾಗುವಂತೆ ಅದು ದೊರೆಯಿತು. ಗಂಡನನ್ನು ಕಳೆದುಕೊಂಡು ಕುಟುಂಬ ಪಿಂಚಣಿ ಪಡೆಯುತ್ತ ತಾವೂ ನೌಕರಿ ಮಾಡುವ ಹೆಣ್ಣುಮಕ್ಕಳಿಗೂ ಅಂದಿನಿಂದಲೇ ಈ ಅನುಕೂಲ ಬಂತು.

ಸೇವೆ ಸೇರಿಸುವುದೋ, ಬೇರೆ ಇಡುವುದೋ?

ಹಳೆಯ ಪಿಂಚಣಿ ಪದ್ಧತಿಯಲ್ಲಿ ಮಾಜಿ ಸೈನಿಕನ ಮುಂದೆ ಒಂದು ಆಯ್ಕೆ ಇತ್ತು. ಸೇನೆಯ ಪಿಂಚಣಿಯನ್ನು ಪಡೆಯುತ್ತ ಹೊಸ ನೌಕರಿಯನ್ನು ಬೇರೆಯಾಗಿಯೇ ಲೆಕ್ಕ ಹಿಡಿಯಬಹುದಿತ್ತು. ಇಲ್ಲವೇ ಪಿಂಚಣಿಯನ್ನು ಬಿಟ್ಟುಕೊಟ್ಟು, ಪಡೆದ ಉಪದಾನವನ್ನೂ ಹಿಂದಿರುಗಿಸಿ, ಸೇನೆಯ ವರ್ಷಗಳನ್ನು ಹೊಸ ಸೇವೆಗೆ ಸೇರಿಸಿಕೊಂಡು ಕೊನೆಯಲ್ಲಿ ದೊಡ್ಡದೊಂದು ಪಿಂಚಣಿ ಪಡೆಯಬಹುದಿತ್ತು. ಕೇಂದ್ರದಲ್ಲಿ ೨೦೦೪ರ ಜನವರಿ ೧ರಿಂದ, ಕರ್ನಾಟಕದಲ್ಲಿ ೨೦೦೬ರ ಏಪ್ರಿಲ್ ೧ರಿಂದ ಸೇವೆಗೆ ಸೇರಿದವರಿಗೆ ಹೊಸ ಪಿಂಚಣಿ ಯೋಜನೆ ಬಂದ ಮೇಲೆ ಈ ಲೆಕ್ಕವೇ ಬದಲಾಯಿತು. ಸೇನೆಯ ಪಿಂಚಣಿ ತನ್ನಷ್ಟಕ್ಕೆ ಬರುತ್ತಿರುತ್ತದೆ. ಹೊಸ ನೌಕರಿಯಲ್ಲಿ ತಿಂಗಳು ತಿಂಗಳು ವಂತಿಗೆ ಕಟ್ಟಿ ಇನ್ನೊಂದು ನಿಧಿ ಬೆಳೆಸಬೇಕು. ಕೈಗೆ ಬರುವ ಸಂಬಳವನ್ನು ಅಂದಾಜು ಮಾಡುವಾಗ ಈ ವಂತಿಗೆಯನ್ನೂ ಕಳೆಯುವುದನ್ನು ಮರೆಯಬಾರದು.

ಈಗ ಸೇನೆಯ ಕಡೆ ಮುಖ ಮಾಡಿರುವ ವಿದ್ಯಾರ್ಥಿಗಳು ಮತ್ತೊಂದು ಸಂಗತಿ ತಿಳಿಯಬೇಕು. ಸೈನಿಕನಿಗೆ ಪಿಂಚಣಿ ದೊರೆಯಲು ಕನಿಷ್ಠ ೧೫ ವರ್ಷದ ಸೇವೆ ಬೇಕು. ೨೦೨೨ರಲ್ಲಿ ಆರಂಭವಾದ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ. ನಂತರ ಶೇ. ೨೫ರವರೆಗಿನವರನ್ನು ಮಾತ್ರ ಕಾಯಂ ಸೇವೆಗೆ ಉಳಿಸಿಕೊಳ್ಳುವುದೆಂದು ಯೋಜನೆ ಪ್ರಕಟವಾಯಿತು. ಹೊರಬರುವವರಿಗೆ ಸುಮಾರು ೧೧.೭೧ ಲಕ್ಷ ರೂ. ‘ಸೇವಾ ನಿಧಿ’ ಉಂಟು, ಪಿಂಚಣಿ ಇಲ್ಲ. ಊರಿನ ಹಿರಿಯ ಮಾಜಿ ಸೈನಿಕನಿಗೆ ಪಿಂಚಣಿ, ಸಂಬಳ ಎರಡೂ ಬರುವುದನ್ನು ನೋಡಿ ‘ನನಗೂ ಹಾಗೇ’ ಎಂದು ಹುಡುಗರು ಲೆಕ್ಕ ಹಾಕಿದರೆ ಅದು ತಪ್ಪು ಲೆಕ್ಕ. ನಾಲ್ಕು ವರ್ಷದ ನಂತರದ ಓದು, ತರಬೇತಿ, ಪರೀಕ್ಷೆಗಳ ಯೋಚನೆ ಮೊದಲೇ ಇರಬೇಕು.

ತರುಣರ ಪ್ರಶ್ನೆ

ಹಿರಿಯರು ಮತ್ತೆ ಕುರ್ಚಿಗೆ ಬಂದರೆ ನಮಗೆ ಜಾಗ ಎಲ್ಲಿ? ಸ್ಪರ್ಧಾತ್ಮಕ ಪರೀಕ್ಷೆಗೆ ವರ್ಷಗಟ್ಟಲೆ ಓದುತ್ತಿರುವ ತರುಣ ತರುಣಿಯರ ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಕರ್ನಾಟಕದಲ್ಲಿ ೨೦೦೮ರಲ್ಲಿ ನಿವೃತ್ತಿಯ ವಯಸ್ಸನ್ನು ೫೮ರಿಂದ ೬೦ಕ್ಕೆ ಏರಿಸಿದಾಗಲೂ ಇದೇ ಮಾತು ಬಂದಿತ್ತು. ಲಕ್ಷಗಟ್ಟಲೆ ಹುದ್ದೆಗಳು ಖಾಲಿ ಇರುವ ರಾಜ್ಯದಲ್ಲಿ ಕಾಯಂ ನೇಮಕ ಮಾಡದೆ ನಿವೃತ್ತರನ್ನು ಕರೆದು ಕೆಲಸ ಸಾಗಿಸುವುದು ಸರ್ಕಾರಕ್ಕೆ ಅಗ್ಗ. ಬಡ್ತಿ, ಭತ್ಯೆ, ಪಿಂಚಣಿಯ ಹೊಣೆ ಯಾವುದೂ ಇರುವುದಿಲ್ಲ. ಇನ್ನೊಂದು ಕಡೆ, ಹಳೆಯ ಕಡತದ ಹಿನ್ನೆಲೆ ಬಲ್ಲವರು, ಭೂಮಾಪನದ ಸೂಕ್ಷ್ಮ ತಿಳಿದವರು, ಕಾಲುವೆಯ ನಕ್ಷೆ ಬಾಯಿಪಾಠ ಇರುವವರು ಒಂದೇ ದಿನದಲ್ಲಿ ತಯಾರಾಗುವುದಿಲ್ಲ. ಹೊಸಬರಿಗೆ ಕಲಿಸಲು ಹಿರಿಯರನ್ನು ಕರೆಸಿದರೆ ಇಬ್ಬರಿಗೂ ಲಾಭ. ಹೊಸಬರು ಬಾರದಂತೆ ಮಾಡಲು ಕರೆಸಿದರೆ ಇಬ್ಬರಿಗೂ ನಷ್ಟ. ತಂದೆ ಗುತ್ತಿಗೆಗೆ ಹೋಗಿ ಮಗನ ಓದಿಗೆ ಹಣ ಹೊಂದಿಸುವುದೂ, ಓದು ಮುಗಿಸಿದ ಮಗನಿಗೆ ಅದೇ ಕಚೇರಿಯಲ್ಲಿ ಹುದ್ದೆ ಇಲ್ಲದಿರುವುದೂ ಒಂದೇ ಮನೆಯಲ್ಲಿ ನಡೆಯಬಹುದಾದ ಮಾತು.

ಸಹಿ ಮಾಡುವ ಮುನ್ನ

ರಾಜ್ಯದ ನಿವೃತ್ತರಿಗೆ ಕರ್ನಾಟಕ ನಾಗರಿಕ ಸೇವಾ ನಿಯಮಗಳೂ ಆಯಾ ಇಲಾಖೆಯ ಆದೇಶಗಳೂ ಅನ್ವಯಿಸುತ್ತವೆ. ಕೇಂದ್ರದ ಲೆಕ್ಕವನ್ನು ಅಲ್ಲಿಗೆ ಹಾಗೆಯೇ ಹಚ್ಚುವಂತಿಲ್ಲ. ಯಾವ ಸರ್ಕಾರವೇ ಇರಲಿ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಕೆಲವು ಪ್ರಶ್ನೆಗಳನ್ನು ಬರವಣಿಗೆಯಲ್ಲೇ ಕೇಳುವುದು ಲೇಸು. ಇದು ಗುತ್ತಿಗೆಯೋ, ಮರುನೇಮಕವೋ? ಸಂಭಾವನೆ ನಿಗದಿತವೋ, ಪಿಂಚಣಿ ಕಳೆದದ್ದೋ? ಕಳೆಯುವುದಾದರೆ ಪರಿವರ್ತನೆಗೆ ಮುಂಚಿನ ಪಿಂಚಣಿಯನ್ನೋ, ನಂತರದ್ದನ್ನೋ? ಪಿಂಚಣಿಯ ಮೇಲಿನ ತುಟ್ಟಿಭತ್ಯೆ ನಿಲ್ಲುತ್ತದೆಯೆ? ರಜೆ ಎಷ್ಟು, ಅವಧಿ ಎಷ್ಟು, ನಡುವೆ ಬಿಡಿಸಿದರೆ ಎಷ್ಟು ದಿನದ ಮುನ್ಸೂಚನೆ?

ಪಿಂಚಣಿ ಕೊಡುವ ಬ್ಯಾಂಕಿಗೆ ಅಥವಾ ಖಜಾನೆಗೆ ಹೊಸ ನೌಕರಿಯ ವಿಷಯ ತಿಳಿಸುವುದೂ ಅಷ್ಟೇ ಮುಖ್ಯ. ಪ್ರತಿ ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರ ಕೊಡುವಾಗ ನೌಕರಿಯ ವಿಷಯವನ್ನು ಮುಚ್ಚಿಡಬಾರದು. ಬೆರಳಚ್ಚಿನಿಂದ ಮಾಡುವ ‘ಜೀವನ್ ಪ್ರಮಾಣ್’ ಸೌಲಭ್ಯ ಮರುನೇಮಕಗೊಂಡವರಿಗೆ ಅನ್ವಯಿಸುವುದಿಲ್ಲ. ಅವರು ಕಾಗದದ ಅರ್ಜಿಯನ್ನೇ ಕೊಡಬೇಕು. ಹೇಳದೆ ಬಿಟ್ಟರೆ ಹೆಚ್ಚಿಗೆ ಬಂದ ಹಣ ಮುಂದೊಂದು ದಿನ ಒಟ್ಟಿಗೆ ವಸೂಲಾಗುತ್ತದೆ. ಕಚೇರಿಯ ತಪ್ಪಿನಿಂದ ಹೆಚ್ಚು ಪಾವತಿಯಾದ ಹಣವನ್ನು ನಿವೃತ್ತರಿಂದ ಹಿಂಪಡೆಯುವುದಕ್ಕೆ ಸುಪ್ರೀಂ ಕೋರ್ಟ್ ೨೦೧೪ರಲ್ಲಿ ಮಿತಿ ಹಾಕಿದೆ. ಆದರೆ ನೌಕರನೇ ಮುಚ್ಚಿಟ್ಟರೆ ಆ ಆಸರೆ ಸಿಗದು.

ಆದಾಯ ತೆರಿಗೆಯನ್ನೂ ಮರೆಯಬಾರದು. ಪಿಂಚಣಿಯ ಮೇಲಿನ ತೆರಿಗೆಯನ್ನು ಬ್ಯಾಂಕು ಒಂದು ಲೆಕ್ಕದಲ್ಲಿ, ಸಂಬಳದ ಮೇಲಿನದನ್ನು ಕಚೇರಿ ಇನ್ನೊಂದು ಲೆಕ್ಕದಲ್ಲಿ ಮುರಿಯುತ್ತವೆ. ಎರಡೂ ಆದಾಯ ಸೇರಿದಾಗ ವರ್ಷದ ಕೊನೆಯಲ್ಲಿ ಕೈಯಿಂದ ಕಟ್ಟುವ ಪ್ರಸಂಗ ಬರಬಹುದು. ಅದು ಮಕ್ಕಳ ಶುಲ್ಕದ ಕಂತು ಬರುವ ಹೊತ್ತಿಗೇ ಬರುವುದು ರೂಢಿ.

ಪಿಂಚಣಿ ಸರ್ಕಾರದ ಕೃಪೆಯಲ್ಲ, ದುಡಿದವನ ಹಕ್ಕು ಎಂದು ಸುಪ್ರೀಂ ಕೋರ್ಟ್ ನಾಕರಾ ಮೊಕದ್ದಮೆಯಲ್ಲಿ ಹೇಳಿದ್ದು ೧೯೮೨ರ ಡಿಸೆಂಬರ್ ೧೭ರಂದು. ಆ ದಿನವನ್ನು ದೇಶದಾದ್ಯಂತ ಪಿಂಚಣಿದಾರರ ದಿನವೆಂದು ಆಚರಿಸುತ್ತಾರೆ. ಮತ್ತೆ ನೌಕರಿಗೆ ಹೋದವನೂ ಆ ಹಕ್ಕನ್ನು ಕಳೆದುಕೊಳ್ಳುವುದಿಲ್ಲ. ಅವನ ಹೊಸ ಸಂಬಳದ ಅಳತೆ ಮಾತ್ರ ಬದಲಾಗುತ್ತದೆ. ಆ ಅಳತೆ ಕಲಿಯಲು ದೊಡ್ಡ ಗಣಿತವೇನೂ ಬೇಕಿಲ್ಲ, ಕೂಡುವುದು ಕಳೆಯುವುದು ಬಂದರೆ ಸಾಕು. ಹತ್ತನೆಯ ತರಗತಿಯ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪಿಂಚಣಿ ಪಾವತಿ ಆದೇಶವನ್ನೂ ಹೊಸ ನೇಮಕದ ಪತ್ರವನ್ನೂ ಮುಂದಿಟ್ಟುಕೊಂಡು ಒಂದು ಸಂಜೆ ಕುಳಿತರೆ ಲೆಕ್ಕ ಮುಗಿಯುತ್ತದೆ. ತನ್ನ ಕಾಲೇಜಿನ ಹಣ ಎಲ್ಲಿಂದ ಬರುತ್ತದೆ, ಎಷ್ಟು ವರ್ಷ ಬರುತ್ತದೆ ಎಂಬುದು ಅವಳಿಗೂ ತಿಳಿದಿರಲಿ.